ಸ್ನಾಯು

ಕನ್ನಡಿಯ ಮುಂದೆ ನಿಂತು ಮುಖವನ್ನು ಬಲಕ್ಕೆ ಹೊರಳಿಸಿ. ಎಡಗಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಓರೆಯಾಗಿ ಉಬ್ಬಿ ನಿಲ್ಲುವುದು ಪಠ್ಯಪುಸ್ತಕದ ಕನ್ನಡದಲ್ಲಿ ಸ್ನಾಯು, ಮನೆಮಾತಿನಲ್ಲಿ ‘ಕತ್ತಿನ ನರ’.

ಸಂಸ್ಕೃತದಿಂದ ಬಂದ ಈ ಪದಕ್ಕೆ ಮೂಲದಲ್ಲಿ ಬೇರೆ ಅರ್ಥವಿತ್ತು. ಕೀಲುಗಳನ್ನು ಬಿಗಿದು ಕಟ್ಟುವ ಗಟ್ಟಿ ನಾರು ಸ್ನಾಯು. ಬಿಲ್ಲಿನ ಹೆದೆಗೂ ಅದೇ ಹೆಸರು. ಮಾಂಸಖಂಡಕ್ಕಿದ್ದ ಪದ ‘ಪೇಶಿ’. ಸುಶ್ರುತಸಂಹಿತೆ ಎರಡನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ: ದೇಹದಲ್ಲಿ ಸ್ನಾಯು 900, ಪೇಶಿ 500. ಅವುಗಳಲ್ಲಿ ಕತ್ತು ಮತ್ತು ಅದರ ಮೇಲಿನ ಭಾಗಕ್ಕೆ ಸೇರಿದವು ಸ್ನಾಯು 70, ಪೇಶಿ 34.

ಮುಂದೆ ಪದದ ದಾರಿ ಕವಲೊಡೆಯಿತು. ಕನ್ನಡ, ಮರಾಠಿಗಳು ಮಾಂಸಖಂಡವನ್ನೇ ಸ್ನಾಯು ಎಂದವು. ಹಿಂದಿ ‘ಮಾಂಸಪೇಶಿ’ಯನ್ನು ಉಳಿಸಿಕೊಂಡಿತು. ಬಂಗಾಳಿಯಲ್ಲಿ ಸ್ನಾಯು ಎಂದರೆ ನರ! ಹಳೆಯ ಅರ್ಥದ ನಾರಿಗೆ ಕನ್ನಡ ವೈದ್ಯಬರಹ ‘ಸ್ನಾಯುರಜ್ಜು’, ‘ಅಸ್ಥಿರಜ್ಜು’ ಎಂಬ ಹೊಸ ಪದಗಳನ್ನು ಕಟ್ಟಿಕೊಳ್ಳಬೇಕಾಯಿತು.

ಬೆಳಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿದ್ದರೆ ‘ನರ ಎಳೆದಿದೆ’ ಎನ್ನುತ್ತೇವೆ. ಬಹುಪಾಲು ಸಲ ಎಳೆದಿರುವುದು ನರವಲ್ಲ, ಸ್ನಾಯು.