ಭಂಗಿಯ ತಳಿಯೂ ನಿಷೇಧದ ಚರಿತ್ರೆಯೂ

ಭಂಗಿಯ ಗಿಡವು ಸಾಮಾನ್ಯವಾಗಿ ಹಗಲು ಕಿರಿದಾದಾಗ ಹೂಬಿಡತಕ್ಕದ್ದು. ಆದುದರಿಂದ ಉಷ್ಣವಲಯದ ತಳಿಗಳು ಉತ್ತರ ಕ್ಯಾಲಿಫೋರ್ನಿಯದಲ್ಲಿ ಮಾಗುವ ಮೊದಲೇ ಶರತ್ಕಾಲದ ಮಳೆಗೂ ಚಳಿಗೂ ಸಿಕ್ಕಿ ಕೆಡುತ್ತಿದ್ದುವು. 1970ರ ದಶಕದಲ್ಲಿ ಮೆಕ್ಸಿಕೋ ಸರಕಾರವು ಅಮೆರಿಕದ ನೆರವಿನಿಂದ ಈ ಬೆಳೆಯ ಮೇಲೆ ಪ್ಯಾರಾಕ್ವಾಟ್ ವಿಷವನ್ನು ಸಿಂಪಡಿಸಲು, ಮನೆಯಂಗಳದ ಬೆಳೆಗೆ ಬೇಡಿಕೆಯೊದಗಿತು. ಆಗ ಅಲ್ಲಿಯ ಬೆಳೆಗಾರರು ಬೇಗ ಮಾಗುವ ಆಫ್ಘಾನಿಸ್ತಾನದ ಗಿಡ್ಡ ತಳಿಯನ್ನು ಮೆಕ್ಸಿಕೋ, ಕೊಲಂಬಿಯಗಳ ತಳಿಗಳೊಡನೆ ಸಂಕರಗೊಳಿಸಿ, ಮೊದಲು ಮಾಗಿದ ಗಿಡಗಳ ಬೀಜವನ್ನೇ ಮರುವರ್ಷಕ್ಕೆ ಆಯ್ದಿರಿಸಿದರು. ಕಾನೂನಿಗೆ ಅಂಜಿ ನಡೆದ ಈ ಕಾರ್ಯದ ವಂಶಾವಳಿಯು ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಉಳಿಯಿತು. ಸರಕಾರದ ಕಡತಗಳಲ್ಲಿ ಕಿತ್ತ ಗಿಡಗಳ ಲೆಕ್ಕವಿದೆ, ಆಯ್ದ ಬೀಜದ ಲೆಕ್ಕವಿಲ್ಲ. ಕಡತವನ್ನೇ ನಂಬಿದ ಚರಿತ್ರಕಾರನಿಗೆ ನಿಷೇಧದ ಜಯವೊಂದೇ ಕಂಡೀತು. ನಿಷೇಧವು ಬೆಳೆಯನ್ನು ಅಳಿಸಲಿಲ್ಲ, ಅದಕ್ಕೊಂದು ಹೊಸ ನೆಲವನ್ನೂ ಆ ನೆಲಕ್ಕೊಗ್ಗಿದ ತಳಿಯನ್ನೂ ಒದಗಿಸಿತೆಂಬುದೇ ನಮ್ಮ ನಿರ್ಣಯ.