ಗೆಲಿಲಿಯೋನ ಉತ್ತರ ಸರಿ ಇತ್ತು, ಕಾರಣ ತಪ್ಪಿತ್ತು



ನೀವು ಪುಣೆಯಲ್ಲಿರಿ, ಹೈದರಾಬಾದಿನಲ್ಲಿರಿ, ಮನೆಯಲ್ಲಿ ಹೈಸ್ಕೂಲ್ ಓದೋ ಮಗು ಇದ್ದರೆ ಈ ಮಂತ್ರ ಕಿವಿಗೆ ಬಿದ್ದೇ ಇರುತ್ತೆ: ವಿ ಈಕ್ವಲ್ಸ್ ಯು ಪ್ಲಸ್ ಎ ಟಿ. ಸೂತ್ರಕ್ಕೆ ಸಂಖ್ಯೆ ಹಾಕಿದರೆ ಉತ್ತರ ಬರುತ್ತೆ, ಮಾರ್ಕ್ಸೂ ಬರುತ್ತೆ. ಆದರೆ ಒಂದು ಪ್ರಶ್ನೆ ಕೇಳಿ ನೋಡಿ. ವೇಗ ಹೆಚ್ಚೋದನ್ನ ಪ್ರತಿ ಸೆಕೆಂಡಿಗೆ ಇಷ್ಟು ಅಂತ ಯಾಕೆ ಅಳೀತೀವಿ? ಪ್ರತಿ ಮೀಟರಿಗೆ ಇಷ್ಟು ಅಂತ ಯಾಕೆ ಅಳೆಯಲ್ಲ?

ಮಗು ತಡವರಿಸಿದರೆ ಬೈಬೇಡಿ. ಇದೇ ಜಾಗದಲ್ಲಿ ಗೆಲಿಲಿಯೋ ಕೂಡ ಎಡವಿದ್ದ.

1604ರ ಅಕ್ಟೋಬರ್. ಗೆಲಿಲಿಯೋಗೆ 40 ವರ್ಷ, ಪಡುವಾದಲ್ಲಿ ಪ್ರೊಫೆಸರ್. ವೆನಿಸ್‌ನಲ್ಲಿದ್ದ ಸ್ನೇಹಿತ ಪಾವೊಲೊ ಸಾರ್ಪಿಗೆ ಒಂದು ಪತ್ರ ಬರೀತಾನೆ. ಬೀಳುವ ವಸ್ತು ಸಮಾನ ಅವಧಿಗಳಲ್ಲಿ ಕ್ರಮಿಸೋ ದೂರ 1, 3, 5, 7 ಹೀಗೆ ಬೆಸ ಸಂಖ್ಯೆಗಳಲ್ಲಿ ಹೆಚ್ಚುತ್ತೆ ಅನ್ನೋದು ಅವನಿಗೆ ಆಗಲೇ ಗೊತ್ತಿತ್ತು. ಕೂಡಿಸಿ ನೋಡಿ: 1, 4, 9, 16. ಅಂದರೆ ದೂರ ಸಮಯದ ವರ್ಗದ ಹಾಗೆ ಬೆಳೆಯುತ್ತೆ. ಇದು ನೂರಕ್ಕೆ ನೂರು ಸರಿ.

ಆದರೆ ಅದಕ್ಕೆ ಅವನು ಕೊಟ್ಟ ಕಾರಣ ಏನು ಗೊತ್ತಾ? ವಸ್ತು ಬಿದ್ದ ದೂರಕ್ಕೆ ತಕ್ಕಂತೆ ವೇಗ ಹೆಚ್ಚುತ್ತೆ ಅಂತ! ನಮ್ಮ ಭಾಷೆಯಲ್ಲಿ ಹೇಳೋದಾದರೆ, ಔಟ್‌ಪುಟ್ ಸರಿ, ಲಾಜಿಕ್ ತಪ್ಪು.

ಯಾಕೆ ತಪ್ಪು? ಇವತ್ತಿನ ಮಾತಲ್ಲಿ ಹೇಳ್ತೀನಿ. ಕಲ್ಲನ್ನು ಈಗಷ್ಟೇ ಕೈಬಿಟ್ಟಿದ್ದೀರಿ. ಬಿದ್ದ ದೂರ ಸೊನ್ನೆ, ಹಾಗಾಗಿ ವೇಗವೂ ಸೊನ್ನೆ. ವೇಗ ಇಲ್ಲದಿದ್ದರೆ ದೂರ ಹೆಚ್ಚಲ್ಲ, ದೂರ ಹೆಚ್ಚದಿದ್ದರೆ ವೇಗ ಹುಟ್ಟಲ್ಲ. ಕಲ್ಲು ಗಾಳಿಯಲ್ಲೇ ನಿಂತಿರುತ್ತೆ! ಸಮಯ ಹಾಗಲ್ಲ, ಯಾರಿಗೂ ಕಾಯದೆ ತನ್ನಷ್ಟಕ್ಕೆ ಮುಂದೆ ಹೋಗುತ್ತೆ. ಆದ್ದರಿಂದ ವೇಗವನ್ನ ಸಮಯಕ್ಕೇ ಕಟ್ಟಬೇಕು.

ಗೆಲಿಲಿಯೋ ಮುಂದೆ ಇದನ್ನ ತಿದ್ದಿಕೊಂಡ. 1633ರ ವಿಚಾರಣೆ ಆದಮೇಲೆ, ಗೃಹಬಂಧನದಲ್ಲಿದ್ದಾಗ ಮುಗಿಸಿದ ಅವನ ಕೊನೆಯ ದೊಡ್ಡ ಪುಸ್ತಕ 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು. ಪುಸ್ತಕ ಸಂಭಾಷಣೆಯ ರೂಪದಲ್ಲಿದೆ. ಅದರಲ್ಲಿ ಸಾಗ್ರೆಡೊ ಅನ್ನೋ ಪಾತ್ರ ಅದೇ ಹಳೇ ತಪ್ಪು ಮಾತಾಡುತ್ತೆ. ಸಾಲ್ವಿಯಾಟಿ ಏನಂತಾನೆ ಅಂದ್ರೆ, ನಮ್ಮ ಲೇಖಕನೂ ಸ್ವಲ್ಪ ಕಾಲ ಹೀಗೇ ಅಂದುಕೊಂಡಿದ್ದ ಅಂತ. ತನ್ನ ತಪ್ಪನ್ನೇ ಪಾಠ ಮಾಡಿಬಿಟ್ಟ! ನನಗೆ ಈ ಪುಸ್ತಕದಲ್ಲಿ ತುಂಬಾ ಇಷ್ಟವಾದ ಜಾಗ ಇದು.

ಅಳೆದಿದ್ದು ಹೇಗೆ? ಸೆಕೆಂಡು ತೋರಿಸೋ ಗಡಿಯಾರ ಅವನ ಹತ್ತಿರ ಇರಲಿಲ್ಲ. ನೇರ ಬೀಳೋದು ತುಂಬಾ ಬೇಗ ಮುಗಿದುಹೋಗುತ್ತೆ. ಅದಕ್ಕೆ ಸುಮಾರು 12 ಮೊಳ ಉದ್ದದ ಮರದ ತೊಲೆಯಲ್ಲಿ ತೋಡು ಕೊರೆದು, ನುಣುಪಾದ ಚರ್ಮದ ಹಾಳೆ ಅಂಟಿಸಿ, ಓರೆಯಾಗಿಟ್ಟು ಕಂಚಿನ ಗುಂಡು ಉರುಳಿಸಿದ. ಗುಂಡು ಉರುಳುವಷ್ಟು ಹೊತ್ತು ಪಾತ್ರೆಯಿಂದ ಸಣ್ಣ ಧಾರೆಯಲ್ಲಿ ಬಿದ್ದ ನೀರನ್ನು ಹಿಡಿದು ತೂಗಿದ. ನೀರಿನ ತೂಕವೇ ಸಮಯ. ಕಾಲು ಭಾಗ ಉರುಳಲು ಪೂರ್ತಿ ದಾರಿಯ ಅರ್ಧ ಸಮಯ ಹಿಡಿಯಿತು. 1961ರಲ್ಲಿ ಥಾಮಸ್ ಸೆಟಲ್ ಅನ್ನೋ ಇತಿಹಾಸಕಾರ ಇದನ್ನ ಮತ್ತೆ ಮಾಡಿ, ಇಂಥ ಸಲಕರಣೆಯಲ್ಲೂ ಅಷ್ಟು ನಿಖರತೆ ಸಾಧ್ಯ ಅಂತ ತೋರಿಸಿದರು.

ಈಗ ನಿಮ್ಮ ಸರದಿ. 2 ಮೀಟರ್ ಉದ್ದದ ಅಲ್ಯೂಮಿನಿಯಂ ಚಾನೆಲ್ ತಗೊಳ್ಳಿ, ಒಂದು ತುದಿಯನ್ನ ಸುಮಾರು 5 ಸೆಂಟಿಮೀಟರ್ ಎತ್ತರಿಸಿ, ಗೋಲಿ ಬಿಡಿ. ಫೋನಿನಲ್ಲಿ ವೀಡಿಯೊ ಮಾಡಿ, ಒಂದೊಂದು ಸೆಕೆಂಡಿಗೆ ಗೋಲಿ ಎಲ್ಲಿತ್ತು ಅಂತ ಮಗುವಿನ ಕೈಲೇ ಗುರುತು ಹಾಕಿಸಿ. ಅಂತರಗಳು 1, 3, 5ರ ಹತ್ತಿರ ಬರುತ್ತವೆ. ಸೂತ್ರ ಆಮೇಲೆ ಹೇಳಿ. ಮೊದಲು ಆ ಪ್ರಶ್ನೆ ಕೇಳಿ, ಸೆಕೆಂಡಿಗೋ, ಮೀಟರಿಗೋ? ಮಗು ತಪ್ಪು ಹೇಳಿದರೆ, ಗೆಲಿಲಿಯೋನ ಈ ಕಥೆ ಹೇಳಿ.