ನ್ಯಾಯಪೀಠದ ಮುಂದೆ ಸಂತ ಜೆರೋಮ್: ಒಂದು ಕನಸು, ಎರಡು ವ್ಯಾಖ್ಯಾನ

ಕ್ರಿ.ಶ. 384ರಲ್ಲಿ ರೋಮಿನಲ್ಲಿದ್ದ ಸಂತ ಜೆರೋಮರು ಯೂಸ್ಟೋಕಿಯಂ ಎಂಬ ಕನ್ಯಾವ್ರತಧಾರಿಣಿಗೆ ದೀರ್ಘ ಪತ್ರವೊಂದನ್ನು ಬರೆದರು. ಅವರ ಪತ್ರಸಂಗ್ರಹದಲ್ಲಿ 22ನೆಯದಾದ ಇದರಲ್ಲಿ ಸುಮಾರು ಹತ್ತು ವರ್ಷಗಳ ಹಿಂದೆ ತಾವು ಕಂಡ ಕನಸಿನ ವೃತ್ತಾಂತವಿದೆ. ಅದರ ಅರ್ಥವೇನು ಎಂಬ ಪ್ರಶ್ನೆ ಅವರನ್ನು ಕಾಲು ಶತಮಾನದಷ್ಟು ಕಾಲ ಬೆನ್ನಟ್ಟಿತು.

ಮನೆಮಾರು, ಬಂಧುಬಳಗ, ರುಚಿಯಾದ ಊಟ ಎಲ್ಲವನ್ನೂ ತೊರೆದು ಪೂರ್ವದೇಶಕ್ಕೆ ಹೊರಟಿದ್ದ ಜೆರೋಮರಿಗೆ ತಮ್ಮ ಗ್ರಂಥಭಂಡಾರವನ್ನು ತೊರೆಯುವುದು ಮಾತ್ರ ಸಾಧ್ಯವಾಗಲಿಲ್ಲ. ಉಪವಾಸ, ಜಾಗರಣೆಗಳ ನಡುವೆಯೂ ಸಿಸೆರೊ ಮತ್ತು ಪ್ಲಾಟಸರ ಕೃತಿಗಳು ಅವರ ಕೈ ಬಿಡಲಿಲ್ಲ. ಪ್ರವಾದಿಗಳ ಭಾಷೆ ಒರಟೆನಿಸಿತು. ತಪಸ್ಸುಕಾಲದ ನಡುವೆ ಕಠಿಣ ಜ್ವರ ಬಂದು, ಅಂತ್ಯಕ್ರಿಯೆಗೆ ಸಿದ್ಧತೆಗಳೂ ನಡೆದಾಗ ಅವರು ತಮ್ಮನ್ನು ದಿವ್ಯ ನ್ಯಾಯಪೀಠದ ಮುಂದೆ ಕಂಡರು. ನೀನು ಯಾರೆಂಬ ಪ್ರಶ್ನೆಗೆ ಕ್ರೈಸ್ತನೆಂದು ಉತ್ತರಿಸಿದಾಗ, ನ್ಯಾಯಾಧೀಶನು ಅದು ಸುಳ್ಳೆಂದೂ ಅವರು ಸಿಸೆರೊನ ಅನುಯಾಯಿಯೆಂದೂ ತೀರ್ಪಿತ್ತನು. ಚಾಟಿಯೇಟುಗಳ ನಡುವೆ, ಇನ್ನೆಂದೂ ಲೌಕಿಕ ಗ್ರಂಥಗಳನ್ನು ಮುಟ್ಟೆನೆಂದು ಅವರು ಆಣೆಯಿಟ್ಟರು. ಇದು ಬರಿಯ ನಿದ್ರೆಯ ಭ್ರಮೆಯಲ್ಲವೆಂಬುದಕ್ಕೆ ತಮ್ಮ ಭುಜಗಳ ಮೇಲಿನ ಬಾಸುಂಡೆಗಳೇ ಸಾಕ್ಷಿಯೆಂದು ಆ ಪತ್ರದಲ್ಲಿ ಹೇಳುತ್ತಾರೆ.

ಓರಿಗೆನನ ಬೋಧನೆಯ ವಿಚಾರವಾಗಿ ಮುಂದೆ ಗೆಳೆಯ ರುಫಿನಸನೊಡನೆ ಮನಸ್ತಾಪ ಬೆಳೆಯಿತು. ಸುಮಾರು 401ರಲ್ಲಿ ರುಫಿನಸ್ ಇದೇ ಕನಸನ್ನು ದೋಷಾರೋಪಣೆಯಾಗಿ ಮುಂದಿಟ್ಟನು: ಆಣೆಯಿಟ್ಟವರ ಬರಹಗಳ ತುಂಬ ಸಿಸೆರೊ, ಹೊರೇಸ್, ವರ್ಜಿಲರೇ ಇದ್ದಾರೆ, ಬೆತ್ಲೆಹೇಮಿನಲ್ಲಿ ಬಾಲಕರಿಗೆ ಅವರು ಕವಿಗಳನ್ನು ಪಾಠ ಹೇಳುತ್ತಾರೆ, ಇದು ಆಣೆ ಮುರಿದಂತಲ್ಲವೇ? ಜೆರೋಮರ ಉತ್ತರ ನಮ್ಮನ್ನು ಅಚ್ಚರಿಗೊಳಿಸುತ್ತದೆ. ಕನಸುಗಳನ್ನು ನಂಬಬಾರದೆಂದು ಪ್ರವಾದಿಗಳೇ ಎಚ್ಚರಿಸಿದ್ದಾರೆ. ಕನಸಿನ ಆಣೆಗೆ ಲೆಕ್ಕ ಕೇಳುವವನು, ಎಚ್ಚರದಲ್ಲಿ ದೀಕ್ಷಾಸ್ನಾನದ ವೇಳೆ ತಾನು ಕೊಟ್ಟ ಮಾತನ್ನೆಲ್ಲ ನಡೆಸಿದ್ದಾನೆಯೇ ಎಂದು ಅವರು ಮರುಪ್ರಶ್ನಿಸಿದರು.

ಇಲ್ಲಿನ ವಿರೋಧಾಭಾಸವನ್ನು ನಾವು ಮುಚ್ಚಿಡಬೇಕಾಗಿಲ್ಲ. ಯುವತಿಗೆ ಉಪದೇಶಿಸುವಾಗ ಸತ್ಯದರ್ಶನವಾಗಿದ್ದುದು, ಎದುರಾಳಿಗೆ ಉತ್ತರಿಸುವಾಗ ಬರಿಯ ಕನಸಾಯಿತು. ಸಂತರೂ ತಮಗೆ ಅನುಕೂಲವಾದ ವ್ಯಾಖ್ಯಾನದತ್ತ ವಾಲಬಲ್ಲರು. ಆದರೂ ಆ ಮರುಪ್ರಶ್ನೆಯಲ್ಲಿ ದೈವಶಾಸ್ತ್ರದ ಗಟ್ಟಿ ತಿರುಳಿದೆ: ಕನಸು ದೀಕ್ಷಾಸ್ನಾನಕ್ಕಿಂತ ಮೇಲಿನ ಕಟ್ಟಳೆಯಾಗಲಾರದು. ಸಿರಾಖನ ಗ್ರಂಥದ 34ನೆಯ ಅಧ್ಯಾಯವೂ ಕನಸುಗಳ ಬಗ್ಗೆ ಎಚ್ಚರಿಸುತ್ತಲೇ, ಪರಾತ್ಪರನಿಂದ ಬಂದುದಕ್ಕೆ ಎಡೆಯಿಡುತ್ತದೆ.

ಹಾಗಾದರೆ ಆ ಕನಸು ಬರಿದಾಯಿತೇ? ಇಲ್ಲವೆಂಬುದು ನಮ್ಮ ಅಭಿಪ್ರಾಯ. ಅದರ ಅರ್ಥವನ್ನು ಆಣೆಯಲ್ಲಿ ಹುಡುಕದೆ, ನ್ಯಾಯಾಧೀಶನ ಮೊದಲ ಪ್ರಶ್ನೆಯಲ್ಲಿ ಹುಡುಕಬೇಕು: ನೀನು ಯಾರವನು? ಇದಕ್ಕೆ ಜೆರೋಮರು ಎಚ್ಚರದ ಬದುಕಿನಲ್ಲಿ ಉತ್ತರ ಕೊಟ್ಟರು. ಸಿರಿಯಾದ ಮರುಭೂಮಿಯಲ್ಲಿ, ಕ್ರೈಸ್ತನಾಗಿದ್ದ ಯೆಹೂದ್ಯನೊಬ್ಬನಿಂದ ಹೀಬ್ರೂ ಕಲಿತರು. ಯಾವ ಪ್ರವಾದಿಗಳ ಭಾಷೆ ಒರಟೆನಿಸಿತ್ತೋ ಆ ಪ್ರವಾದಿಗಳನ್ನೇ ಹೀಬ್ರೂ ಮೂಲದಿಂದ ಲತೀನಿಗೆ ತಂದರು. ಹಳೆಯ ಒಡಂಬಡಿಕೆಯ ಈ ಕಾರ್ಯ ಸುಮಾರು 390ರಿಂದ 405ರವರೆಗೆ ನಡೆಯಿತು. ಲೌಕಿಕ ಸಾಹಿತ್ಯವೂ ತನ್ನ ಸ್ಥಾನ ಪಡೆಯಿತು: ಮ್ಯಾಗ್ನಸನಿಗೆ ಬರೆದ 70ನೆಯ ಪತ್ರದಲ್ಲಿ ಅವರು ಅದನ್ನು ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ಸೆರೆಯಾಳು ಸ್ತ್ರೀಗೆ ಹೋಲಿಸಿ, ತಲೆಗೂದಲು ತೆಗೆದು ಉಗುರು ಕತ್ತರಿಸಿದ ಬಳಿಕ ಮನೆ ತುಂಬಿಸಿಕೊಳ್ಳಬಹುದು ಎಂದರು. ನಿಷೇಧವೆಂದು ತೋರಿದ್ದು ಕಾಲಕ್ರಮದಲ್ಲಿ ಆದ್ಯತೆಯ ಪಾಠವಾಯಿತು.

ಹಾವು, ಹೊಳೆ, ಮೃತ ತಾಯಿಯ ಮುಖ, ಹೀಗೆ ಕನಸುಗಳನ್ನು ಹೊತ್ತು ಭಕ್ತರು ನಮ್ಮ ಬಳಿಗೂ ಬರುತ್ತಾರೆ. ದೇವವಾಣಿಯೆಂದು ಮುದ್ರೆಯೊತ್ತುವುದು ಸುಲಭ. ನಕ್ಕು ಕಳುಹಿಸುವುದು ಇನ್ನೂ ಸುಲಭ. ಜೆರೋಮರು ಒಮ್ಮೊಮ್ಮೆ ಒಂದೊಂದನ್ನು ಮಾಡಿದರು, ಎರಡೂ ಸಾಲದಾದವು. ಸಂಕೇತಗಳನ್ನು ಬಿಡಿಸುವ ಆತುರ ಬಿಟ್ಟು, ಆ ಕನಸು ಎಚ್ಚರದ ಬದುಕಿಗೆ ಯಾವ ಪ್ರಶ್ನೆ ಕೇಳುತ್ತಿದೆ ಎಂದು ಅವರೊಡನೆ ಕುಳಿತು ಆಲಿಸೋಣ. ಆ ಪ್ರಶ್ನೆಯನ್ನು ಪವಿತ್ರ ಗ್ರಂಥದ ಮುಂದೆಯೂ ದೀಕ್ಷಾಸ್ನಾನದ ವಾಗ್ದಾನದ ಮುಂದೆಯೂ ಇಡೋಣ. ಉತ್ತರಕ್ಕೆ ವರ್ಷಗಳು ಹಿಡಿಯಬಹುದು, ಜೆರೋಮರಿಗೂ ಹಿಡಿದವು.